ಸಾಬವ್ವ ಎಬ್ಬಿಸಿದ ಗಿಡ

ಬೆಳಗಿನ ಚಹಾಕ್ಕೆ ಒಲೆ ಹೊತ್ತಿಸುವ ಮೊದಲು ಸಾಬವ್ವ ಹಿತ್ತಲಿಗೆ ಹೋಗುತ್ತಿದ್ದಳು. ಅಲ್ಲಿ ಮಣ್ಣಿನ ಗೋಡೆಯ ಬುಡದಲ್ಲಿ ತಾನಾಗಿ ಹುಟ್ಟಿ ಬೆಳೆದ ಒಂದು ಹಿರೇಮದ್ದಿನ ಗಿಡವಿತ್ತು. ಪೇಟೆಯವರು ಅಶ್ವಗಂಧ ಅನ್ನುತ್ತಾರಲ್ಲ, ಅದೇ. ಮುಖ ತೊಳೆದು ತಂಬಿಗೆಯಲ್ಲಿ ಉಳಿದ ನೀರನ್ನು ಅದರ ಬುಡಕ್ಕೆ ಹಾಕಿ, ಒಂದು ಎಲೆಯ ಅಂಚನ್ನು ಹೆಬ್ಬೆರಳ ಉಗುರಿನಿಂದ ಚಿವುಟಿ, ಆ ಬೆರಳನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, "ಏಳವ್ವ, ಬೆಳಗಾತು" ಅನ್ನುತ್ತಿದ್ದಳು. ಮೈಯಲ್ಲಿ ಜ್ವರವಿದ್ದಾಗಲೂ ಇದು ತಪ್ಪಿರಲಿಲ್ಲ. ಗಂಡ ತೀರಿಕೊಂಡ ಮರುದಿನ ಬೆಳಿಗ್ಗೆ, ಬಂದ ನೆಂಟರೆಲ್ಲ ಅಂಗಳದಲ್ಲಿ ಮಲಗಿದ್ದಾಗ, ಅವರ ಕಾಲು ತುಳಿಯದ ಹಾಗೆ ದಾಟಿ ಹೋಗಿ ಇದನ್ನು ಮುಗಿಸಿ ಬಂದಿದ್ದಳು.

ಇದು ಅವಳ ಅಪ್ಪ ಪೀರಪ್ಪ ಕಲಿಸಿದ್ದು. ಪೀರಪ್ಪ ತನ್ನೂರು ಇಜೇರಿಯ ಸುತ್ತಿನ ಬೀಳು ಹೊಲ, ಹಳ್ಳದ ದಂಡೆಗಳಲ್ಲಿ ಬೇರು ಅಗೆದು ಜೇವರ್ಗಿಯ ಹಕೀಮರಿಗೆ, ಹಳ್ಳಿಯ ನಾಟಿ ವೈದ್ಯರಿಗೆ ಕೊಟ್ಟು ಬದುಕಿದವನು. ಔಷಧದ ಬೇರನ್ನು ಅವನು ಒಮ್ಮೆಲೇ ಹೋಗಿ ಅಗೆಯುತ್ತಿರಲಿಲ್ಲ. ಹಿಂದಿನ ಸಂಜೆ ಹೋಗಿ ಗಿಡದ ಮುಂದೆ ಅರಿಶಿನ ಹಚ್ಚಿದ ನಾಲ್ಕು ಅಕ್ಕಿಕಾಳು ಹಾಕಿ, ಬುಡಕ್ಕೆ ನೀರೆರೆದು, ಎಲೆಗಳನ್ನು ಅಲ್ಲಲ್ಲಿ ಚಿವುಟಿ, "ನಾಳಿ ಬರ್ತೇನಿ, ತಯಾರಿರವ್ವ" ಎಂದು ಹೇಳಿ ಬರುತ್ತಿದ್ದ. ಇದಕ್ಕೆ ಅವರ ಮನೆಯಲ್ಲಿ ಹೇಳಿಕಿ ಕೊಡುವುದು ಅನ್ನುತ್ತಿದ್ದರು. ಚಿವುಟುವುದು ಯಾಕೆ ಎಂದು ಚಿಕ್ಕವಳಿದ್ದಾಗ ಸಾಬವ್ವ ಕೇಳಿದ್ದಳು. "ನಿದ್ದಿಯೊಳಗ ಇದ್ದವರ ಜೀವ ತಗೀಬಾರದವ್ವ. ಎಬ್ಬಿಸಿ, ಕೇಳಿ, ಆಮ್ಯಾಲ ತಗೋಬೇಕು. ಹೇಳದ ಅಗದ್ರ ಅದು ಕಳವು" ಎಂದಿದ್ದ ಅಪ್ಪ. ಅವನು ಸತ್ತ ಮೇಲೆ ಸಾಬವ್ವ ಬೇರು ಅಗೆಯುವ ಕೆಲಸ ಬಿಟ್ಟು ಮಹಾದೇವಪ್ಪನ ಹೊಲದಲ್ಲಿ ಕೂಲಿಗೆ ನಿಂತಳು. ಆದರೆ ಗಿಡವನ್ನು ಎಬ್ಬಿಸದೆ ಮುಟ್ಟುವುದು ಅವಳ ಕೈಗೆ ಬರಲೇ ಇಲ್ಲ. ಪುಂಡಿಪಲ್ಯೆ ಕೀಳುವಾಗಲೂ ಒಮ್ಮೆ ನೆಲ ತಟ್ಟಿ ಕೀಳುತ್ತಿದ್ದಳು. ಜೊತೆಯ ಹೆಂಗಸರು ನಗುತ್ತಿದ್ದರು. ನಗಲಿ ಎಂದು ಸುಮ್ಮನಿರುತ್ತಿದ್ದಳು.

ತೊಂಬತ್ಮೂರರ ಮಳೆಗಾಲದ ಮೊದಲಿಗೆ ಮಹಾದೇವಪ್ಪನ ಹೊಲಕ್ಕೆ ಒಂದು ಹಳೆಯ ಜೀಪು ಬಂತು. ಇಳಿದವಳು ನರ್ಮದಾ. ಗಾಣಗಾಪುರದ ಪೂಜೆಯವರ ಮನೆಯ ಹುಡುಗಿ. ಗುಲಬರ್ಗಾದಲ್ಲಿ ಓದಿ, ಅಲ್ಲಿಯೇ ಸಂಶೋಧನೆಗೆ ಸೇರಿದ್ದಳು. ಜೀಪು ನಡೆಸುವವನು ಇಮಾಮಸಾಬ. ಅವನ ಬಾಯಿ ಜೀಪಿನ ಇಂಜಿನಿಗಿಂತ ಜೋರು. ನರ್ಮದಾಳಿಗೆ ಮೂರು ತಾಲ್ಲೂಕಿನಲ್ಲಿ ಮೂರು ಮಡಿ ಬೇಕಿದ್ದವು. ಆಳಂದ ಕಡೆ ಕಿಣ್ಣಿ ಸುಲ್ತಾನದಲ್ಲಿ ಒಂದು, ಅಫಜಲಪುರ ಕಡೆ ಅವಳ ಹುಟ್ಟೂರು ಗಾಣಗಾಪುರದಲ್ಲೇ ಒಂದು, ಜೇವರ್ಗಿ ಕಡೆ ಇಜೇರಿಯಲ್ಲಿ ಒಂದು. ಮೂರರಲ್ಲೂ ಒಂದೇ ಬೀಜದ ಹಿರೇಮದ್ದು ಬಿತ್ತಿ ಬೆಳೆಸಬೇಕು. ಮಹಾದೇವಪ್ಪ ಬಾವಿಯ ಪಕ್ಕದ ತುಂಡು ನೆಲ ಕೊಟ್ಟು, ಕಾಯುವುದಕ್ಕೆ ಸಾಬವ್ವನನ್ನು ತೋರಿಸಿದ.

ಬಿತ್ತಿದ ದಿನ ಮಧ್ಯಾಹ್ನ ಬೇವಿನ ಮರದ ಕೆಳಗೆ ಕೂತು ಮೂವರೂ ರೊಟ್ಟಿ ಬಿಚ್ಚಿದರು. ಸಾಬವ್ವ ಸ್ವಲ್ಪ ದೂರ ಕೂತಿದ್ದಳು. ನರ್ಮದಾ ತಾನೇ ಎದ್ದು ಹತ್ತಿರ ಬಂದು ಕೂತಳು.

"ಅಕ್ಕೋರ, ಒಂದು ಕೇಳ್ಲೇನ್ರಿ" ಎಂದಳು ಸಾಬವ್ವ. "ಇದರ ಬೇರಿನಾಗ ಔಷಧ ಅದ ಅಂತ ನಮ್ಮಪ್ಪಗೂ ಗೊತ್ತಿತ್ತು. ನೀವು ಮತ್ತೇನು ಹುಡುಕಾಕತ್ತೀರಿ?"

"ಔಷಧ ಅದ ಅನ್ನೋದು ಎಲ್ಲರಿಗೂ ಗೊತ್ತದ ಸಾಬವ್ವ. ಅದನ್ನ ಗಿಡದೊಳಗ ಕುಂತು ಅಡಗಿ ಮಾಡೋರು ಯಾರು ಅಂತ ಹುಡುಕಾಕತ್ತೇನಿ."

"ಗಿಡದೊಳಗ ಅಡಗಿ ಮನಿ ಇರ್ತದ?" ಎಂದ ಇಮಾಮಸಾಬ, ಶೇಂಗಾ ಹಿಂಡಿಯ ಬೆರಳು ನೆಕ್ಕುತ್ತ. "ಹಂಗಾದ್ರ ಮೊದಲ ಅಲ್ಲಿ ಊಟಕ್ಕ ಹೋಗೂಣ್ರಿ. ಇಲ್ಲಿ ಖಾರ ಭಾಳ ಆಗ್ಯದ."

ನರ್ಮದಾ ನಕ್ಕು, ರೊಟ್ಟಿಯ ಚೂರಿನಿಂದ ನೆಲದ ಮೇಲೆ ಗೆರೆ ಎಳೆಯುತ್ತ ಹೇಳಿದಳು. ಗಿಡ ತಾನು ಬದುಕಿ ಬೆಳೆಯಲು ಬೇಕಾದದ್ದನ್ನು ಮಾಡಿಕೊಳ್ಳುತ್ತದೆ. ಅದು ಅದರ ಅನ್ನ. ಆಮೇಲೆ ಕಹಿ, ವಾಸನೆ, ಬಣ್ಣ ಅಂತ ಬೇರೆ ಕೆಲವನ್ನೂ ಮಾಡುತ್ತದೆ. ಅದು ಅನ್ನಕ್ಕಲ್ಲ, ತನ್ನ ಮಾನ ಕಾಯ್ದುಕೊಳ್ಳಲಿಕ್ಕೆ. ಮನುಷ್ಯರಿಗೆ ಔಷಧವಾಗುವುದು ಇದೇ ಎರಡನೆಯದು. ಅದನ್ನು ಬೇಯಿಸುವ ಅಡಿಗೆಯವರಿಗೆ ಕಿಣ್ವ ಅನ್ನುತ್ತಾರೆ. ಯಾವ ಅಡಿಗೆಯವಳು ಯಾವಾಗ ಕೆಲಸಕ್ಕೆ ಬರಬೇಕು ಅನ್ನುವುದು ಗಿಡದ ಜೀನುಗಳಲ್ಲಿ ಇರುತ್ತದೆ.

"ಈ ಜೀನು ಒಂಟಿ ಇರಂಗಿಲ್ಲ ಸಾಬವ್ವ. ಒಂದು ಮನೆತನದಾಗ ಅಕ್ಕತಂಗೇರು ಇದ್ದಂಗ ಇರ್ತಾವ. ಮಾರಿ ನೋಡಿದ್ರ ಎಲ್ಲಾ ಒಂದೇ. ಆದ್ರ ಒಬ್ಬಾಕಿ ಬೇರಿನಾಗ ದುಡೀತಾಳ, ಒಬ್ಬಾಕಿ ಎಲಿಯೊಳಗ. ಕೆಲವರು ಮಲಗೇ ಬಿಟ್ಟಿರ್ತಾರ. ಯಾರು ಎಲ್ಲಿ ಏಳ್ತಾರ, ಯಾಕ ಏಳ್ತಾರ, ಅದನ್ನ ನೋಡೋದೇ ನನ್ನ ಕೆಲಸ."

"ಮಲಗೋ ತಂಗಿ ಬೇಕಾದ್ರ ನಮ್ಮ ಮನಿಗೆ ಬರ್ರಿ" ಎಂದ ಇಮಾಮಸಾಬ. "ನನ್ನ ಹೇಣ್ತಿ ಫಕ್ರುನ್ನಿಸಾನ ತಂಗಿ ಬಂದು ಕುಂತಾಳ. ಬಿಸಲು ನೆತ್ತಿಗೆ ಬಂದ್ರೂ ಏಳಂಗಿಲ್ಲ. ಆಕಿ ಯಾಕ ಏಳಂಗಿಲ್ಲ ಅಂತ ಬರದು ಕೊಟ್ರ ನಿಮಗ ಅಲ್ಲೇ ಡಿಗ್ರಿ ಸಿಗ್ತದ."

ಸಾಬವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಹೊರಡುವಾಗ ನರ್ಮದಾ ಜೀಪಿನ ಬಾಗಿಲು ಹಿಡಿದು ನಿಂತು, ನಗು ಬಿಟ್ಟು ಹೇಳಿದಳು: "ಒಂದೇ ಮಾತು. ಆಡು ಬಾಯಿ ಹಾಕಬಾರದು, ಎಲಿ ಹರಿಬಾರದು. ಕಳೆ ತಗಿ, ಆದ್ರ ಗಿಡಕ್ಕ ಕೈ ಹಚ್ಚಬ್ಯಾಡ. ನೀ ಕಾಯ್ತೀ ಅಂತ ನಂಬೇನಿ."

ನಂಬೇನಿ ಎಂಬ ಮಾತನ್ನು ಸಾಬವ್ವನಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ಕೂಲಿಯವರಿಗೆ ಜಲ್ದಿ ಬಾ, ನೆಟ್ಟಗೆ ಮಾಡು ಅನ್ನುತ್ತಾರೆ. ನಂಬೇನಿ ಅನ್ನುವುದಿಲ್ಲ.

ಅವಳು ಕಾದದ್ದು ಮಗುವನ್ನು ಕಾದ ಹಾಗೆ. ಮಡಿಯ ಸುತ್ತ ಜಾಲಿಮುಳ್ಳು ಕಡಿದು ತಂದು ಬೇಲಿ ಕಟ್ಟಿದಳು. ತೊಗರಿ ಹೊಲದಲ್ಲಿ ಕೆಲಸ ಮಾಡುವಾಗಲೂ ಒಂದು ಕಣ್ಣು ಬಾವಿಯ ಕಡೆಗೇ ಇರುತ್ತಿತ್ತು. ನೆರೆಯ ಅಂಬುಬಾಯಿಯ ಆಡು ಒಮ್ಮೆ ಬೇಲಿಯ ಹತ್ತಿರ ಬಂದದ್ದಕ್ಕೆ ಇಬ್ಬರಿಗೂ ಜಗಳವಾಯಿತು. "ಏನ್ ಬೇ, ನಿನ್ನ ಸೊಸಿ ಬಸುರಿ ಇದ್ದಾಗಲೂ ಇಷ್ಟು ಕಾಯಲಿಲ್ಲ ನೀ" ಎಂದು ಅಂಬುಬಾಯಿ ಹಂಗಿಸಿದಳು. ಮಳೆ ಹೋಗಿ ಚಳಿ ಬಂತು, ಗಿಡಗಳು ಮೊಣಕಾಲು ದಾಟಿ ಕೆಂಪು ಹಣ್ಣು ಹಿಡಿದವು. ಸಾಬವ್ವ ಒಂದಕ್ಕೂ ಕೈ ಹಚ್ಚಿರಲಿಲ್ಲ.

ನಾಳೆ ಬೆಳಿಗ್ಗೆ ಅಗೆಯುತ್ತೇವೆ ಎಂದು ಸುದ್ದಿ ಬಂದ ಸಂಜೆ ಅವಳಿಗೆ ಮನೆಯಲ್ಲಿ ಕೂರಲಾಗಲಿಲ್ಲ. ಅಷ್ಟು ಗಿಡಗಳು, ಅಷ್ಟು ಜೀವ. ಯಾರೂ ಅವಕ್ಕೆ ಹೇಳಿಲ್ಲ. ಅಕ್ಕೋರಿಗೆ ಈ ಪದ್ಧತಿ ಗೊತ್ತಿಲ್ಲ, ಅವರದೇನೂ ತಪ್ಪಿಲ್ಲ; ಆದರೆ ತನಗೆ ಗೊತ್ತಲ್ಲ. ಗೊತ್ತಿದ್ದೂ ಹೇಳದೆ ಬಿಟ್ಟರೆ ಅಗೆದವರ ಪಾಪಕ್ಕಿಂತ ಕಾದವಳ ಪಾಪ ದೊಡ್ಡದು. ಮುಟ್ಟಬೇಡ ಅಂದಿದ್ದರು, ಹೌದು. ಮುಟ್ಟಬೇಡ ಅಂದದ್ದು ಹರಿಯಬಾರದು ಅಂತ, ಮುರಿಯಬಾರದು ಅಂತ. ಉಗುರಿನಷ್ಟು ಚಿವುಟಿದರೆ ಹರಿದ ಹಾಗೆ ಆಗುತ್ತದೆಯೇ? ಹೀಗೆ ತನ್ನೊಳಗೇ ವಾದ ಮಾಡಿ, ತಾನೇ ಗೆದ್ದು, ಸಾಬವ್ವ ಮುಷ್ಟಿಯಲ್ಲಿ ಅರಿಶಿನದಕ್ಕಿ ಹಿಡಿದು ಹೊಲಕ್ಕೆ ಹೋದಳು. ಹೊತ್ತು ಮುಳುಗುತ್ತಿತ್ತು. ಒಂದೊಂದೇ ಗಿಡದ ಮುಂದೆ ಕೂತು ನೀರೆರೆದು, ಎಲೆಗಳನ್ನು ಚಿವುಟಿ, "ನಾಳಿ ಬರ್ತಾರವ್ವ. ಒಳ್ಳೆ ಹುಡುಗಿ ಅದಾಳ. ನೋವು ಮಾಡಂಗಿಲ್ಲ" ಎಂದಳು. ಎದ್ದಾಗ ಮೊಣಕಾಲು ಹಿಡಿದುಕೊಂಡಿದ್ದವು. ಮನಸ್ಸು ಹಗುರಾಗಿತ್ತು.

ಬೆಳಿಗ್ಗೆ ಜೀಪು ಬಂದಾಗ ಅಕ್ಕಿಕಾಳುಗಳನ್ನು ಗುಬ್ಬಿಗಳು ತಿಂದು ಮುಗಿಸಿದ್ದವು. ಇಮಾಮಸಾಬ ದೊಡ್ಡ ಉಕ್ಕಿನ ಕ್ಯಾನು ಇಳಿಸಿದ. ಅದರ ಮುಚ್ಚಳ ತೆಗೆದರೆ ಬಿಳಿ ಹೊಗೆ ಏಳುತ್ತಿತ್ತು, ಆದರೆ ಅದು ಬಿಸಿಯಲ್ಲ, ಬೆರಳಿಟ್ಟರೆ ಬೆರಳು ಸಾಯುವಷ್ಟು ತಂಪು. ಗಾಳಿಯೊಳಗಿನದನ್ನೇ ತಣಿಸಿ ತಣಿಸಿ ನೀರು ಮಾಡಿದ್ದಾರೆ ಎಂದು ನರ್ಮದಾ ಹೇಳಿದಳು. ಎಲೆ, ಬೇರು ಕತ್ತರಿಸಿದ ಗಳಿಗೆಯಲ್ಲೇ ಅದರಲ್ಲಿ ಮುಳುಗಿಸಬೇಕು. ಆಗ ಒಳಗಿನ ಅಡಿಗೆಯವರು ಇದ್ದವರು ಇದ್ದಲ್ಲಿಯೇ ನಿಂತುಬಿಡುತ್ತಾರೆ.

ಮಹಾದೇವಪ್ಪನೂ ಬಂದು ನಿಂತಿದ್ದ. ಅವನ ಮುಂದೆ ನರ್ಮದಾ ಹೇಳಿದಳು: "ಗೌಡ್ರ, ಮೂರು ಊರಾಗ ಮಡಿ ಹಾಕೀನಿ. ಸಾಬವ್ವನಂಗ ಯಾರೂ ಕಾದಿಲ್ಲ ನೋಡ್ರಿ. ಒಂದು ಎಲಿ ಹರದಿಲ್ಲ."

ಮಹಾದೇವಪ್ಪ ಸಾಬವ್ವನ ಕಡೆ ನೋಡಿ ತಲೆಯಾಡಿಸಿದ. ಅವನು ಆಳುಗಳನ್ನು ಹಾಗೆ ನೋಡುವವನಲ್ಲ. ಸಾಬವ್ವನ ಕಿವಿ ಬಿಸಿಯಾದವು. ಅಷ್ಟರಲ್ಲಿ ಮೊದಲ ಗಿಡದ ಮುಂದೆ ಬಗ್ಗಿದ ನರ್ಮದಾ ಒಂದು ಎಲೆ ತಿರುವಿ ನೋಡಿದಳು.

"ಇದೇನು, ಎಲಿ ಅಂಚು ಕಡದಂಗ ಅದ. ಯಾರರ ಮುಟ್ಟ್ಯಾರೇನು ಸಾಬವ್ವ?"

ಹೌದ್ರಿ ಎಂಬ ಒಂದು ಮಾತು. ಅದು ನಾಲಿಗೆಯ ಮೇಲೆ ಬಂದೂ ಇತ್ತು. ಆದರೆ ಹೊಗಳಿಕೆಯ ಮಾತು ಇನ್ನೂ ಗಾಳಿಯಲ್ಲೇ ಇತ್ತು, ಮಹಾದೇವಪ್ಪ ಇನ್ನೂ ನೋಡುತ್ತಲೇ ಇದ್ದ, ಇಮಾಮಸಾಬ ಬಾಯಿ ತೆರೆದೇ ನಿಂತಿದ್ದ.

"ಇಲ್ರಿ ಅಕ್ಕೋರ. ಯಾರೂ ಮುಟ್ಟಿಲ್ಲ."

ನರ್ಮದಾ ಮತ್ತೊಮ್ಮೆ ಕೇಳಲಿಲ್ಲ. ನಂಬಿದ್ದಳಲ್ಲ.

ಬೇಸಿಗೆ ಕಳೆದ ಮೇಲೆ ನರ್ಮದಾ ಗಾಣಗಾಪುರದ ಪೇಡೆ ಹಿಡಿದುಕೊಂಡು ಬಂದಳು. ಕಣ್ಣಲ್ಲಿ ಹಬ್ಬವಿತ್ತು. ಚೀಲದಿಂದ ಎಕ್ಸರೇ ಹಾಳೆಯಂಥದೊಂದನ್ನು ತೆಗೆದು ಬಿಸಿಲಿಗೆ ಹಿಡಿದಳು. ಮೂರು ಊರಿನ ಗಿಡಗಳೂ ಸಾಲಾಗಿ ಅದರಲ್ಲಿದ್ದವು. ಯಾವ ತಂಗಿ ಎದ್ದಿದ್ದಾಳೋ ಅಲ್ಲಿ ಕಪ್ಪು ಗೆರೆ ಬೀಳುತ್ತದೆ, ಮಲಗಿದ್ದರೆ ಆ ಜಾಗ ಖಾಲಿ. ಒಂದು ಸಾಲಿನಲ್ಲಿ ಕಿಣ್ಣಿ ಸುಲ್ತಾನ ಖಾಲಿ, ಗಾಣಗಾಪುರ ಖಾಲಿ. ಇಜೇರಿಯಲ್ಲಿ ಮಾತ್ರ ಗಿಡಗಿಡಕ್ಕೂ ಒಂದೊಂದು ಗೆರೆ, ಕಾಡಿಗೆಯಷ್ಟು ಕಪ್ಪು, ಸ್ವಲ್ಪ ಬಾಗಿ, ಉಗುರಿನ ಗುರುತಿನ ಹಾಗೆ.

"ಈಕಿನ್ನ ಯಾರೂ ನೋಡಿದ್ದಿಲ್ಲ ಸಾಬವ್ವ. ಎಲ್ಲಾ ಕಡಿ ಮಲಗಿರೋಳು ಇಜೇರಿಯಾಗ ಎದ್ದು ಕುಂತಾಳ. ಹೈದರಾಬಾದಿನ ಸಭಾದಾಗ ನಾ ಇದನ್ನ ಹೇಳಿದೆ. ದೊಡ್ಡ ದೊಡ್ಡವರು ಎದ್ದು ನಿಂತು ಪ್ರಶ್ನಿ ಕೇಳಿದ್ರು."

"ಯಾಕ ಎದ್ದಾಳಂತ್ರಿ?" ಎಂದಳು ಸಾಬವ್ವ.

"ಮಣ್ಣಿನ ಗುಣ ಇರಬೇಕು ಅಂತ ಬರದೀನಿ. ಮತ್ತೇನು ಇರ್ತದ?"

ಸಾಬವ್ವನ ಕೈಯಲ್ಲಿ ಪೇಡೆ ಹಾಗೆಯೇ ಉಳಿಯಿತು. ಕಿಣ್ವ, ಜೀನು ಅವಳಿಗೆ ಅರ್ಥವಾಗುತ್ತಿರಲಿಲ್ಲ. ಆದರೆ ಮಲಗಿದವಳನ್ನು ಎಬ್ಬಿಸಿದ್ದು ಯಾರು ಎಂದು ತಿಳಿಯಲು ಓದು ಬೇಕಿರಲಿಲ್ಲ. ಮೂರು ಊರಲ್ಲಿ ಒಂದೇ ಊರಿನಲ್ಲಿ ಚಿವುಟಿದ್ದು. ಒಂದೇ ಊರಿನಲ್ಲಿ ಗೆರೆ ಬಿದ್ದದ್ದು. ಈಗಲಾದರೂ ಹೇಳಬಹುದಿತ್ತು. ಆದರೆ ನರ್ಮದಾಳ ಮುಖದ ಹಬ್ಬವನ್ನು ನೋಡಿ, ನಾಳೆ ಹೇಳಿದರಾಯಿತು ಅಂದುಕೊಂಡಳು. ಅತ್ತ ಮಹಾದೇವಪ್ಪ ತನ್ನ ಮಣ್ಣಿನಲ್ಲಿ ಏನೋ ಇದೆಯಂತೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ. ಮೀಸೆಗೆ ಎಣ್ಣೆ ಹಚ್ಚತೊಡಗಿದ್ದಾನೆ ಎಂದು ಅಂಬುಬಾಯಿ ನಕ್ಕಳು. ಸಾಬವ್ವ ಮಾತ್ರ ಆ ಮಾತು ಬಂದ ಕಡೆಯಿಂದ ಎದ್ದು ಹೋಗುತ್ತಿದ್ದಳು. ಬೆಳಿಗ್ಗೆ ಹಿತ್ತಲಿನ ಗಿಡವನ್ನು ಚಿವುಟುವುದು ತಪ್ಪಲಿಲ್ಲ. ಬೆರಳನ್ನು ಕಣ್ಣಿಗೆ ಒತ್ತಿಕೊಳ್ಳುವಾಗ ಮಾತ್ರ, ಯಾರೋ ನೋಡುತ್ತಿದ್ದಾರೆ ಅನ್ನಿಸಿ ಹಿಂದೆ ತಿರುಗಿ ನೋಡುತ್ತಿದ್ದಳು.

ನರ್ಮದಾಳ ಗುರುಗಳು ವ್ಯಂಕಟೇಶ ಸರ್ ಎಂಬವರು. ಒಂದು ಸಲ ಕಂಡದ್ದು ಸಾಲದು, ಇನ್ನೊಂದು ವರ್ಷ ಬೆಳೆದು ತೋರಿಸು ಎಂದರಂತೆ. ಅದೇ ಬೀಜ, ಅದೇ ಮೂರು ಮಡಿ, ಅದೇ ಕಾವಲು. ಎರಡನೆಯ ವರ್ಷ ಅಗೆಯುವ ಹಿಂದಿನ ಸಂಜೆ ಸಾಬವ್ವ ಮನೆಯ ಹೊಸ್ತಿಲ ಮೇಲೆ ಕೂತು, ಎರಡೂ ಕೈಯನ್ನು ಕಂಕುಳಲ್ಲಿ ಅದುಮಿಕೊಂಡಳು. ಈ ಸಲ ಹೇಳಿದ ಹಾಗೆ ಕೇಳುತ್ತೇನೆ, ಕೈ ಹಚ್ಚುವುದಿಲ್ಲ. ಆಗ ಹೋದ ವರ್ಷದ್ದು ತಾನಾಗಿ ತೊಳೆದು ಹೋಗುತ್ತದೆ, ಬಾಯಿ ಬಿಟ್ಟು ಹೇಳಬೇಕಾಗಿಯೇ ಇಲ್ಲ. ಅವಳು ಅಂದುಕೊಂಡದ್ದು ಇಷ್ಟೇ. ಮರುದಿನ ಹೇಳಿಕಿ ಇಲ್ಲದ ಗಿಡಗಳಿಗೆ ಗುದ್ದಲಿ ಬಿದ್ದಾಗ ಅವಳು ಬಾವಿಯ ಕಡೆ ಮುಖ ಮಾಡಿ ನಿಂತಳು. ಗಿಡಗಳಿಗೂ ಮುಖ ತೋರಿಸಲಾಗಲಿಲ್ಲ, ನರ್ಮದಾಳಿಗೂ ಆಗಲಿಲ್ಲ.

ಆ ವರ್ಷ ಪೇಡೆ ಬರಲಿಲ್ಲ. ಬೇಸಿಗೆಯಲ್ಲಿ ಒಂದು ದಿನ ಇಮಾಮಸಾಬ ಒಬ್ಬನೇ ಬಂದು, ಮಡಿಯಲ್ಲಿ ಬಿಟ್ಟುಹೋಗಿದ್ದ ಗುರುತಿನ ಕಂಬಗಳನ್ನು ಕಿತ್ತು ಜೀಪಿಗೆ ಹಾಕತೊಡಗಿದ. ಬಂದಾಗಿನಿಂದ ಒಂದೂ ತಮಾಷೆಯ ಮಾತಾಡಿರಲಿಲ್ಲ.

"ಇಮಾಮಣ್ಣಾ, ಅಕ್ಕೋರು ಎಲ್ಲಿ?"

"ಗಾಣಗಾಪುರಕ್ಕ ಹೋಗ್ಯಾರ. ಅವ್ವನ ಮನ್ಯಾಗ ಕುಂತಾರ." ಅವನು ಕಂಬದ ಮಣ್ಣು ಕೊಡವಿದ. "ಹ್ವಾದ ವರ್ಷ ಎದ್ದಾಕಿ ಈ ವರ್ಷ ಏಳಲಿಲ್ಲಂತ ಸಾಬಕ್ಕ. ಹೈದರಾಬಾದಿನವರೂ ಬೆಳದು ನೋಡಿ, ನಮ್ಮಲ್ಲಿ ಎಲ್ಲೂ ಕಾಣಾಕತ್ತಿಲ್ಲ, ಈಕಿ ಮನಸಿಗೆ ಬಂದದ್ದು ಬರದಾಳ ಅಂದ್ರಂತ. ವ್ಯಂಕಟೇಶ ಸರ್ ಒಳ್ಳೆ ಮನಶ್ಯಾ. ಅವರೂ ಕೇಳಿದ್ರು, ಏನರ ಅದಲುಬದಲು ಮಾಡಿದಿ ಏನವ್ವ, ಖರೇ ಹೇಳು ಅಂತ. ಆಕಿ ಹುಡುಗಿ ಅಲ್ಲೇ ನಿಂತು ಅತ್ತಳು ನೋಡು. ಸೋಮವಾರ ಯುನಿವರ್ಸಿಟಿ ಹಿರ್ಯಾರು ಕೂಡ್ತಾರ. ಕಾರಣ ಹೇಳಿದ್ರ ಹೇಳಬೇಕು, ಇಲ್ಲಾ ಬಿಟ್ಟು ಹೋಗಬೇಕು."

"ಅಕ್ಕೋರು ಸುಳ್ಳು ಬರಿಯೋರಲ್ಲ."

"ಅದು ನಿನಗ ಗೊತ್ತದ, ನನಗ ಗೊತ್ತದ. ನಮ್ಮನ್ನ ಯಾರು ಕೇಳ್ತಾರ?"

ಸಾಬವ್ವ ಒಂದು ಕಂಬ ಕಿತ್ತು ಅವನ ಕೈಗೆ ಕೊಟ್ಟಳು. ಕೇಳಿದ್ದರು. ಕೇಳಬೇಕಾದವರು, ಕೇಳಬೇಕಾದ ಹೊತ್ತಿನಲ್ಲಿ, ನೇರವಾಗಿ ತನ್ನನ್ನೇ ಕೇಳಿದ್ದರು.

"ನೀ ಗಾಣಗಾಪುರಕ್ಕ ಹೋಗ್ತಿ ಏನು?"

"ನಾಳಿ ಹೋಗ್ತೇನಿ, ಅಕ್ಕೋರ ಪುಸ್ತಕ ಕೊಡೂದದ. ಯಾಕ ಬೇ, ದತ್ತನ ದರ್ಶನ ಮಾಡಬೇಕೇನು?"

"ಜೀಪಿನಾಗ ಜಾಗ ಇದ್ರ ನಾನೂ ಬರ್ತೇನಿ" ಎಂದಳು ಸಾಬವ್ವ. ದರ್ಶನಕ್ಕೋ ಅಲ್ಲವೋ ಹೇಳಲಿಲ್ಲ.

ದಾರಿಯುದ್ದಕ್ಕೂ ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು. ಗಾಣಗಾಪುರದಲ್ಲಿ ಇಳಿದಾಗ ಗುಡಿಯ ಬೀದಿಯಲ್ಲಿ ಜನ ಕಾಯಿ, ಹೂವು ಹಿಡಿದು ಹೋಗುತ್ತಿದ್ದರು. ದೇವರಿಗೆ ಹೋಗಿ ಬರ್ತೀಯೇನು, ನಾ ನಿಲ್ಲತೇನಿ ಎಂದ ಇಮಾಮಸಾಬ. ಸಾಬವ್ವ ಬೀದಿಯ ತುದಿಯಿಂದಲೇ ಕೈ ಮುಗಿದಳು, ಒಳಗೆ ಹೋಗಲಿಲ್ಲ. ಯಾರಿಗೆ ತಪ್ಪಿದ್ದೇನೋ ಅವರ ಮುಂದೆ ಹೇಳದೆ ದೇವರ ಮುಂದೆ ಹೋಗಿ ನಿಂತರೆ, ಅದು ದೇವರನ್ನು ಮರೆ ಮಾಡಿಕೊಂಡ ಹಾಗೆ ಅನ್ನಿಸಿತು.

ನರ್ಮದಾಳ ತಾಯಿ ಉಮಾಬಾಯಿ ಅಂಗಳದಲ್ಲಿ ಸಂಡಿಗೆ ಒಣಹಾಕುತ್ತಿದ್ದರು. ಇಜೇರಿಯ ಸಾಬವ್ವ ಎಂದು ಇಮಾಮಸಾಬ ಹೇಳಿದ ಕೂಡಲೇ ಅವರ ಮುಖ ಅರಳಿತು.

"ಬಾರವ್ವ, ಬಾ. ನೀನೇ ಏನು? ಸಾಬವ್ವನಂಗ ಕಾಯೋರು ಇಲ್ಲ ಅಂತ ನಮ್ಮ ನರ್ಮದಾ ಹೇಳ್ತಿರ್ತಾಳ. ಅಷ್ಟು ದೂರದಿಂದ ಆಕಿನ್ನ ನೋಡಾಕ ಬಂದಿ ಏನು? ಕೂಡು, ಚಹಾ ಮಾಡ್ತೇನಿ. ಊಟ ಮಾಡೇ ಹೋಗಬೇಕು."

ಸಾಬವ್ವ ಕಟ್ಟೆಯ ಮೇಲೆ ಕೂರದೆ ಅದರ ಕೆಳಗೆ ನೆಲದ ಮೇಲೆ ಕೂತಳು. ಚಹಾ ಬಂತು. ಲೋಟ ಹಿಡಿದದ್ದು ಹಿಡಿದೇ ಇತ್ತು, ಮೇಲೆ ಕೆನೆ ಕಟ್ಟಿತು. ಬೈದಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ನರ್ಮದಾ ಒಳಗಿನಿಂದ ಬಂದು ಕಟ್ಟೆಯ ಮೇಲೆ ಕೂತಳು. ಕಣ್ಣು ಬಾತಿದ್ದವು. ಕೂದಲು ಬಾಚಿರಲಿಲ್ಲ. "ಏನು ಸಾಬವ್ವ, ಇಷ್ಟು ದೂರ?"

ಉಮಾಬಾಯಿ ಒಳಗೆ ಹೋಗುವವರೆಗೆ ಸಾಬವ್ವ ಕಾದಳು. ಇಮಾಮಸಾಬ ಪುಸ್ತಕ ಇಳಿಸಲು ಜೀಪಿಗೆ ಹೋಗಿದ್ದ.

"ಅಕ್ಕೋರ, ಮೊದಲನೇ ವರ್ಷ ನೀವು ಕೇಳಿದ್ರಿ. ಯಾರರ ಮುಟ್ಟ್ಯಾರೇನು ಅಂತ."

"ಹೂಂ."

"ನಾ ಮುಟ್ಟಿದ್ದೆ."

ನರ್ಮದಾ ಅರ್ಥವಾಗದೆ ನೋಡಿದಳು. ಸಾಬವ್ವ ತಲೆ ಎತ್ತದೆ ಎಲ್ಲವನ್ನೂ ಹೇಳಿದಳು. ಅಪ್ಪನ ಪದ್ಧತಿ, ಅರಿಶಿನದಕ್ಕಿ, ನೀರು, ಉಗುರು, ಒಂದು ಗಿಡವನ್ನೂ ಬಿಡದೆ ಚಿವುಟಿದ್ದು. ಬೆಳಿಗ್ಗೆ ಇಲ್ಲ ಎಂದದ್ದು. ಎರಡನೆಯ ವರ್ಷ ಕೈ ಕಟ್ಟಿಕೊಂಡು ಕೂತದ್ದು. ಹೇಳಿ ಮುಗಿದಾಗ ಅಂಗಳದ ಸಂಡಿಗೆಯ ಮೇಲೆ ಕಾಗೆ ಬಂದು ಕೂತಿತ್ತು, ಇಬ್ಬರೂ ಓಡಿಸಲಿಲ್ಲ.

"ನಾ ಅವತ್ತೇ ಕೇಳಿದ್ನಲ್ಲ" ಎಂದಳು ನರ್ಮದಾ. ಧ್ವನಿ ಸಣ್ಣದಾಗಿತ್ತು, ಅದಕ್ಕೇ ಹೆಚ್ಚು ಚುಚ್ಚಿತು. "ಎಲಿ ಕೈಯಾಗ ಹಿಡಕೊಂಡು ಕೇಳಿದೆ. ಒಂದು ಮಾತು ಹೇಳಿದ್ರ ಏನಾಗ್ತಿತ್ತು? ನಾ ಬೈತಿದ್ನೇನು? ಬೈದ್ರೂ ಅವತ್ತಿಗೆ ಮುಗೀತಿತ್ತು. ಎರಡು ವರ್ಷ ಆತು ಸಾಬವ್ವ. ಸರ್ ನನ್ನ ಮಾರಿ ನೋಡಿ, ಖರೇ ಹೇಳು ಅಂದ್ರು. ನಮ್ಮಪ್ಪ ಗುಡಿಯಾಗ ಮಂದಿಗೆ ಮಾರಿ ಹ್ಯಾಂಗ ತೋರಿಸಲಿ ಅಂತ ಕುಂತಾರ."

"ಹೌದ್ರಿ."

"ಹೌದ್ರಿ ಅಂತಿ. ಅವತ್ತು ಯಾಕ ಅನಲಿಲ್ಲ?"

"ನೀವು ಆಗಷ್ಟೇ ಹೊಗಳಿದ್ರಿ" ಎಂದಳು ಸಾಬವ್ವ. "ಅದನ್ನ ಕಳಕೊಳ್ಳಾಕ ಮನಸಾಗಲಿಲ್ಲ. ಮತ್ತೇನಿಲ್ರಿ. ಇಷ್ಟೇ."

ನರ್ಮದಾ ಎದ್ದು ಒಳಗೆ ಹೋದಳು. ಇನ್ನು ಬರುವುದಿಲ್ಲವೇನೋ ಎಂದು ಸಾಬವ್ವ ಕೂತಲ್ಲೇ ಕೂತಳು. ಬಹಳ ಹೊತ್ತಿನ ಮೇಲೆ ನರ್ಮದಾ ಆ ಎಕ್ಸರೇ ಹಾಳೆ ಹಿಡಿದು ಹೊರಗೆ ಬಂದು, ಬಿಸಿಲಿಗೆ ಹಿಡಿದು ನೋಡಿದಳು. ಕೇಳುವ ರೀತಿ ಬದಲಾಗಿತ್ತು.

"ಚಿವುಟಿದ್ದು ಸಂಜಿಗೇನು? ಹೊತ್ತು ಮುಣಗೋ ಮುಂದ?"

"ಹೌದ್ರಿ."

"ನಾವು ಅಗದದ್ದು ಮುಂಜಾನಿ. ನಡುವ ಇಡೀ ರಾತ್ರಿ ಅದ." ಅವಳು ತನ್ನಷ್ಟಕ್ಕೇ ಮಾತಾಡಿಕೊಳ್ಳುತ್ತಿದ್ದಳು. "ಈಕಿ ಮಣ್ಣಿಗೆ ಎದ್ದಾಕಿ ಅಲ್ಲ. ಗಾಯಕ್ಕ ಎದ್ದಾಕಿ. ಗಿಡಕ್ಕ ಪೆಟ್ಟು ಬಿದ್ದಾಗಷ್ಟೇ ಏಳೋ ತಂಗಿ. ಅದಕ್ಕೇ ಹೈದರಾಬಾದಿನಾಗ ಕಾಣಲಿಲ್ಲ, ಈ ವರ್ಷ ಇಜೇರಿಯಾಗೂ ಕಾಣಲಿಲ್ಲ." ಹಾಳೆ ಕೆಳಗಿಟ್ಟಳು. "ಮಣ್ಣಿನ ಗುಣ ಅಂತ ನಾ ಬರದದ್ದು ತಪ್ಪು. ಗೆರಿ ಸುಳ್ಳಲ್ಲ. ಕುಂಡ್ಯಾಗ ಬೆಳಸಿ, ಅರ್ಧ ಚಿವುಟಿ, ಅರ್ಧ ಬಿಟ್ಟು ನೋಡಿದ್ರ ಗೊತ್ತಾಗ್ತದ. ಮತ್ತೊಂದು ವರ್ಷ ಹೋಗ್ತದ. ಹೋಗ್ಲಿ."

ಅವಳ ಮುಖದಲ್ಲಿ ಸ್ವಲ್ಪ ಜೀವ ಬಂದಿತ್ತು. ಅದನ್ನು ಕಂಡು ಸಾಬವ್ವನಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಒಳ್ಳೆಯದೇನಾದರೂ ಹೊರಬಂದರೆ ಅದು ಗಿಡದ ಗುಣ, ಹುಡುಗಿಯ ಬುದ್ಧಿ. ತನ್ನ ಪಾಲಿಗೆ ಉಳಿದದ್ದು ಇಲ್ರಿ ಎಂಬ ಆ ಒಂದು ಮಾತೇ.

ನರ್ಮದಾ ಕಟ್ಟೆಯಿಂದ ಇಳಿದು ಸಾಬವ್ವನ ಎದುರು ನೆಲದ ಮೇಲೆ ಕೂತಳು. ಹೋದ ವರ್ಷಕ್ಕಿಂತ ವಯಸ್ಸಾದವಳ ಹಾಗೆ ಕಾಣುತ್ತಿದ್ದಳು.

"ಒಂದು ಮಾತು ಕೇಳು. ಸೋಮವಾರ ನಾ ಹಿರ್ಯಾರ ಮುಂದ ನಿಂತು, ಮೊದಲನೇ ವರ್ಷ ಗಿಡಕ್ಕ ಹುಳ ಬಿದ್ದಿತ್ತು, ಎಲಿ ಕಡದಿತ್ತು, ನಾ ಲಕ್ಷ್ಯ ಕೊಡಲಿಲ್ಲ ಅಂತ ಹೇಳ್ತೇನಿ. ಹುಳ ಕಡದ್ರೂ ಗಾಯನೇ, ಅದಕ್ಕೂ ಆಕಿ ಏಳ್ತಾಳ, ಎಲ್ಲರೂ ಒಪ್ಕೋತಾರ. ನಿನ್ನ ಹೆಸರು ಬರಂಗಿಲ್ಲ. ಮಹಾದೇವಪ್ಪ ಊರ ತುಂಬ ಮಣ್ಣು ಮಣ್ಣು ಅಂತ ಹೇಳ್ಕೊಂಡು ತಿರಗ್ಯಾನ. ನೀ ಚಿವುಟಿದಿ ಅಂತ ಗೊತ್ತಾದ್ರ ನಿನ್ನ ಹೊಲದಾಗ ಕಾಲಿಡಗೊಡಂಗಿಲ್ಲ. ನಿನಗೂ ಗೊತ್ತದ ಅದು."

ಗೊತ್ತಿತ್ತು. ಅವನ ಮುಖ, ಅಂಬುಬಾಯಿಯ ಹಂಗಿಸುವ ಮಾತು, ಬಾವಿಯ ಕಟ್ಟೆಯ ಮೇಲೆ ಹೆಂಗಸರ ನಗು, ಎಲ್ಲ ಕಣ್ಣ ಮುಂದೆ ಬಂದು ಹೋಯಿತು. ಸಾಬವ್ವ ತಣ್ಣಗಾದ ಚಹಾದ ಲೋಟವನ್ನು ಮೆಲ್ಲಗೆ ಪಕ್ಕಕ್ಕಿಟ್ಟಳು. ಬಂದಾಗಿನಿಂದ ಮೊದಲ ಬಾರಿ ತಲೆ ಎತ್ತಿ ನರ್ಮದಾಳ ಮುಖ ನೋಡಿದಳು.

"ಬ್ಯಾಡ್ರಿ ಅಕ್ಕೋರ."

"ನಿನ್ನ ಒಳ್ಳೇದಕ್ಕ ಹೇಳಾಕತ್ತೇನಿ ಸಾಬವ್ವ."

"ಗೊತ್ತದರಿ. ಆದ್ರ ಹುಳಕ್ಕ ಯಾರೂ ಕೇಳಿದ್ದಿಲ್ಲ. ನನಗ ಕೇಳಿದ್ರಿ." ಅವಳು ಮೊಣಕಾಲಿನ ಮೇಲೆ ಕೈಯೂರಿ ಎದ್ದಳು. "ಇಜೇರಿ ಸಾಬವ್ವ ಚಿವುಟಿದಳು, ಕೇಳಿದಾಗ ಇಲ್ಲ ಅಂದಳು. ಎರಡೂ ಹೇಳ್ರಿ."